ಅತ್ತಿಗೆಯ ಮಾತಿನ ಮೇಲೆ ನನ್ನ ದನಿ

ಮೊನ್ನೆ ನಮ್ಮ ಅಂಗಡಿಗೆ ಹಳೆಯ ಸಿ.ಡಿ.ಯೊಂದು ಬಂತು. ತಂದವರು ಯಾರು, ಯಾಕೆ ತಂದರು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಈಗಿನ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕಲು ಜಾಗವೇ ಇರುವುದಿಲ್ಲವಲ್ಲ. ಹಳೆಯ ಡ್ರೈವ್ ಎಲ್ಲಾದರೂ ಬಿದ್ದಿದ್ದೀತು ಎಂದು ಹಿಂದಿನ ಕೋಣೆಯ ಮರದ ಮೇಜಿನ ಖಾನೆ ಎಳೆದೆ. ತೇವ ಕುಡಿದು ಉಬ್ಬಿದ್ದ ಖಾನೆ ಸಾಕಷ್ಟು ಗುದ್ದಾಡಿಸಿ ತೆರೆದುಕೊಂಡಿತು. ಒಳಗಿನಿಂದ ವೆನಿಲಾದ ವಾಸನೆ ಬಂತು.

ಡ್ರೈವ್ ಸಿಕ್ಕಿತು. ಅದರ ಹಿಂದೆ, ಬಾಳೆನಾರಿನಲ್ಲಿ ಕಟ್ಟಿದ ಒಂದು ಹಿಡಿ ವೆನಿಲಾ ಕೋಡುಗಳೂ ಸಿಕ್ಕವು. ಒಣಗಿ ಕಡ್ಡಿಯಾಗಿದ್ದರೂ ಘಮ ಬಿಟ್ಟಿರಲಿಲ್ಲ. ಅವನ್ನು ನನಗೆ ಕೊಟ್ಟವರು ಈಗಿಲ್ಲ. ಕೊಟ್ಟ ದಿನ ಅವರ ಮುಖ ನೋಡಿ ಒಂದು ಒಳ್ಳೆಯ ಮಾತಾಡಲಾರದೆ, ಅವಸರದಲ್ಲಿರುವವನಂತೆ ನಟಿಸಿ, ಖಾನೆಗೆ ತುರುಕಿ ಮುಚ್ಚಿದ್ದೆ. ಮತ್ತೆ ಆ ಖಾನೆಯ ಒಳಮೂಲೆಗೆ ಕೈ ಹಾಕುವ ಮನಸ್ಸಾಗಿರಲಿಲ್ಲ...

ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಹಾನುಬಾಳಿನ ಪೇಟೆ ದಾಟಿ ಗುಡ್ಡದ ಆಚೆ ಇಳಿದರೆ ಅವರ ಮನೆ. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಮಾತು ಬಲು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಅವರ ಹೆಂಡತಿಯೇ ಆಡಿ ಮುಗಿಸುತ್ತಿದ್ದರು. ಆಕೆಯನ್ನು ಅತ್ತಿಗೆ ಎಂದು ಕರೆಯುತ್ತಿದ್ದೆ. ಅವರ ಒಬ್ಬಳೇ ಮಗಳು ನನ್ನ ಹತ್ತಿರ ಕಂಪ್ಯೂಟರ್ ಕಲಿಯಲು ಬರುತ್ತಿದ್ದಳು.

ಗೊಬ್ಬರದ ಅಂಗಡಿಯ ಮಹಡಿಯಲ್ಲಿ ನನ್ನ ಕಂಪ್ಯೂಟರ್ ಸೆಂಟರ್ ಇತ್ತು. ಸೆಂಟರ್ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಎರಡು ಯಂತ್ರ, ಒಂದು ಪ್ರಿಂಟರ್, ಮನಸ್ಸು ಬಂದಾಗ ಕೂಗುವ ಯು.ಪಿ.ಎಸ್. ಪತ್ರಿಕೆಯೊಂದರ ಜೊತೆ ಬಿಟ್ಟಿ ಬಂದ ಸಿ.ಡಿ.ಯಿಂದ ನಾನು ಲಿನಕ್ಸ್ ಎಂಬ ಕಾಸಿಲ್ಲದ ಸಾಫ್ಟ್‌ವೇರ್ ಕಲಿತಿದ್ದೆ. ಕಲಿತದ್ದು ಅಷ್ಟಿಷ್ಟು, ತಲೆಗೇರಿದ್ದು ಪೂರ್ತಿ. ಲೋಕವೆಲ್ಲ ದುಡ್ಡಿನ ಸಾಫ್ಟ್‌ವೇರಿನ ಹಿಂದೆ ಓಡುತ್ತಿದೆ, ನಾನೊಬ್ಬ ಮಾತ್ರ ಸರಿದಾರಿಯಲ್ಲಿದ್ದೇನೆ ಎಂಬ ಜಂಬ. ಸಿಕ್ಕಿದವರಿಗೆಲ್ಲ ಅದನ್ನೇ ಕೊರೆಯುತ್ತಿದ್ದೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರ್ ಒಬ್ಬರು, ಲೈನ್ ಮನೆಗಳಲ್ಲಿದ್ದ ಆಳುಗಳ ಹಾಜರಿಪಟ್ಟಿ ಟೈಪ್ ಮಾಡಿಸಲು ಬರುವವರು, ನನ್ನನ್ನು ಕೆಣಕುವುದಕ್ಕೆಂದೇ ಕೂತು ಹೋಗುತ್ತಿದ್ದರು. "ಬಿಟ್ಟಿ ಬಂದಿದ್ದು ಎಷ್ಟ್ ದಿನ ಬಾಳ್ತದೆ ಮಾರಾಯ?" ಎನ್ನುವುದು ಅವರ ಪಲ್ಲವಿ. ಅತ್ತಿಗೆಯೂ ಕಡಿಮೆಯೇನಲ್ಲ. ಮಗಳನ್ನು ಬಿಡಲು ಬಂದಾಗ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಕೇಳುತ್ತಿದ್ದರು. "ನಿಮ್ ಕಂಪ್ಯೂಟ್ರು ಇವತ್ತು ಎದ್ದೈತಾ, ಇನ್ನೂ ಮಲ್ಗೈತಾ ಮೇಷ್ಟ್ರೇ?"

ಅದು ನಮ್ಮ ಕಡೆ ವೆನಿಲಾ ಹುಚ್ಚಿನ ಕಾಲ. ಹಾಲುವಾಣದ ಮರ ಕಂಡಲ್ಲೆಲ್ಲ ಬಳ್ಳಿ ಹಬ್ಬಿಸುತ್ತಿದ್ದರು. ಆ ಹೂವು ಕಾಯಿ ಕಟ್ಟಲು ಇಲ್ಲಿನ ದುಂಬಿಗಳ ನೆರವಿಲ್ಲ. ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಮುದುಡುತ್ತದೆ. ಅಷ್ಟರೊಳಗೆ ಮನುಷ್ಯರೇ ಒಂದೊಂದು ಹೂವನ್ನೂ ಹಿಡಿದು, ಒಳಗಿನ ತೆಳು ಪೊರೆಯನ್ನು ಮೊನೆಯಿಂದ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಅತ್ತಿಗೆ ಕಿತ್ತಳೆ ಮರದ ಮುಳ್ಳಿನಿಂದ ಆ ಕೆಲಸ ಮಾಡುತ್ತಿದ್ದರು. ಅವರ ಕೈ ತಾಗಿದ ಹೂವು ಉದುರುವುದಿಲ್ಲ ಎಂದು ಸುತ್ತಿನ ತೋಟದವರೆಲ್ಲ ಹೇಳುತ್ತಿದ್ದರು. ಸುದ್ದಿ ಹಬ್ಬಿ, ಟಿ.ವಿ.ಯ ಕೃಷಿ ಕಾರ್ಯಕ್ರಮದವರು ಜೀಪು ಮಾಡಿಕೊಂಡು ಬಂದು, ಅವರ ತೋಟದಲ್ಲಿ ಒಂದು ಬೆಳಗ್ಗೆ ಪೂರ್ತಿ ಚಿತ್ರೀಕರಣ ಮಾಡಿಕೊಂಡು ಹೋದರು. ಯಾವಾಗ ಬರುತ್ತದೆ ಎಂದು ತಿಳಿಸುತ್ತೇವೆ ಎಂದಿದ್ದರು. ಅಣ್ಣನ ಮನೆಗೆ ಫೋನಿರಲಿಲ್ಲವಾದ್ದರಿಂದ ನನ್ನ ಅಂಗಡಿಯ ನಂಬರು ಕೊಟ್ಟಿದ್ದರು.

ಅದೇ ಬೇಸಿಗೆಯಲ್ಲಿ ನಾನು ಬೆಂಗಳೂರಿನಿಂದ ಟಿ.ವಿ. ಟ್ಯೂನರ್ ಕಾರ್ಡ್ ತಂದೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಿ ಕೇಬಲ್ ವೈರು ಚುಚ್ಚಿದರೆ ಅದೇ ಟಿ.ವಿ. ಆಗುತ್ತದೆ, ಬಂದ ಕಾರ್ಯಕ್ರಮವನ್ನು ರೆಕಾರ್ಡೂ ಮಾಡಿಕೊಳ್ಳಬಹುದು. ಡಬ್ಬದ ಮೇಲೆ ಲಿನಕ್ಸಿನ ಹೆಸರೇ ಇರಲಿಲ್ಲ. ಇಲ್ಲದಿದ್ದರೇನು, ನಾನಿಲ್ಲವೇ ಎಂದುಕೊಂಡೆ. ಮೊದಲು ಪರದೆ ಪೂರಾ ಕಪ್ಪು. ಈ ಕಾರ್ಡು ಯಾವ ಜಾತಿಯದೆಂದು ಯಂತ್ರಕ್ಕೆ ನಾವೇ ನಂಬರು ಕೊಟ್ಟು ಹೇಳಬೇಕಿತ್ತು, ಆ ನಂಬರು ಯಾರಿಗೂ ಗೊತ್ತಿರಲಿಲ್ಲ. ಒಂದೊಂದೇ ಕೊಟ್ಟು ನೋಡುತ್ತಾ ಹೋದೆ. ಯಾವುದೋ ಒಂದಕ್ಕೆ ಚಿತ್ರ ಬಂತು, ಬಣ್ಣವಿಲ್ಲದೆ, ಮೇಲಿಂದ ಕೆಳಕ್ಕೆ ಉರುಳುತ್ತಾ. ಯಂತ್ರ ಅಮೆರಿಕದ ಪದ್ಧತಿಯಲ್ಲಿ ನೋಡುತ್ತಿದೆ, ನಮ್ಮದು ಬೇರೆ ಎಂದು ತಿಳಿಯಲು ಮತ್ತಷ್ಟು ದಿನ ಹಿಡಿಯಿತು. ಅದನ್ನು ಸರಿಮಾಡಿದರೆ ಚಿತ್ರ ಇದೆ, ದನಿ ಇಲ್ಲ. ಕೊನೆಗೆ ಟ್ಯೂನರ್ ಕಾರ್ಡಿನಿಂದ ಸೌಂಡ್ ಕಾರ್ಡಿಗೆ ಗೇಣುದ್ದದ ವೈರೊಂದನ್ನು ಎಳೆದು, ಪರದೆಯ ಮೇಲಿನ ಶಬ್ದದ ಗುಂಡಿಗಳಲ್ಲಿ ಮುಚ್ಚಿದ್ದೊಂದನ್ನು ತೆರೆದಾಗ ಸ್ಪೀಕರಿನಿಂದ ಜಾಹೀರಾತಿನ ಹಾಡು ಅರಚಿತು. ನಾನು ಕುಣಿದೇಬಿಟ್ಟೆ.

ರೆಕಾರ್ಡಿಂಗನ್ನೂ ಪರೀಕ್ಷಿಸಿದೆ. ಒಬ್ಬನೇ ಕೂತು ಒಂದು ಹಾಡು ಹಿಡಿದು, ಮತ್ತೆ ಹಾಕಿ ನೋಡಿದೆ. ಚಿತ್ರ ಬಂತು, ಹಾಡೂ ಬಂತು. ಹಾಡು ಬಾವಿಯೊಳಗಿಂದ ಬಂದ ಹಾಗೆ ಸ್ವಲ್ಪ ಟೊಳ್ಳಾಗಿತ್ತು. ಕೇಬಲಿನವನು ಕೊಡುವ ದನಿಯೇ ಅಷ್ಟು ಎಂದು ಅವನನ್ನು ಬೈದು ಸುಮ್ಮನಾದೆ. ಆ ಟೊಳ್ಳು ಎಲ್ಲಿಂದ ಬಂತು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು...

ಮಳೆಗಾಲ ಶುರುವಾಗುವ ಹೊತ್ತಿಗೆ ಅತ್ತಿಗೆ ತೀರಿಕೊಂಡರು. ಬೆಳಗ್ಗೆ ಎದೆ ಹಿಡಿದುಕೊಂಡಂತಾಗುತ್ತದೆ ಎಂದವರು, ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಜೀಪಿನಲ್ಲೇ ಹೋಗಿಬಿಟ್ಟರು. ಅಷ್ಟು ಮಾತಾಡುತ್ತಿದ್ದ ಮನೆ ಒಮ್ಮೆಗೇ ಮಾತಿಲ್ಲದ್ದಾಯಿತು. ಅಣ್ಣ ಪೇಟೆಗೆ ಬರುವುದನ್ನೇ ಬಿಟ್ಟರು.

ಎರಡು ತಿಂಗಳ ಮೇಲೆ ನನ್ನ ಅಂಗಡಿಗೆ ಫೋನು ಬಂತು. ಕಾರ್ಯಕ್ರಮದವರು. ಬರುವ ವಾರ ಸಂಜೆ ಪ್ರಸಾರ ಎಂದರು. ನಾನೇ ಗುಡ್ಡ ಇಳಿದು ಹೋಗಿ ಹೇಳಿದೆ. ಅಣ್ಣ ಜಗಲಿಯ ಮೇಲೆ ಕೂತಿದ್ದರು. ತಲೆಯೆತ್ತಿ ಕೇಳಿದರು.

"ಅದ್ರಾಗೆ ಅವ್ಳು ಮಾತಾಡ್ತಾಳಾ ಮೇಷ್ಟ್ರೇ?"

"ಮಾತಾಡ್ತಾರಂತೆ ಅಣ್ಣ. ಪೂರ್ತಿ ವಿವರಿಸಿದಾರಂತೆ."

"ಫೋಟೋ ಅವೆ ಮನೇಲಿ. ಮಾತು ಇಲ್ಲ" ಎಂದರು. "ಅದನ್ನ ಹಿಡ್ದು ಮಡಗಾಕೆ ಆಯ್ತದಾ ನಿಮ್ ಮಿಷಿನ್ನಾಗೆ?" ಎಂದು ಕೇಳಿದರು.

ಆಗುತ್ತದೆ ಎಂದೆ. ಖಂಡಿತಾ ಆಗುತ್ತದೆ, ಸಿ.ಡಿ. ಮಾಡಿ ಕೊಡುತ್ತೇನೆ, ಸಾಯುವವರೆಗೂ ಕೇಳಬಹುದು ಎಂದೆ. ಆ ಮನುಷ್ಯ ನನ್ನ ಕೈ ಹಿಡಿದುಕೊಂಡರು. ಅವರು ಯಾರ ಕೈಯನ್ನೂ ಹಾಗೆ ಹಿಡಿದವರಲ್ಲ. ನನಗೆ ಆ ಗಳಿಗೆಯಲ್ಲಿ ಅತ್ತಿಗೆ ನೆನಪಾಗಬೇಕಿತ್ತು. ನೆನಪಾದದ್ದು ನನ್ನ ಟ್ಯೂನರ್ ಕಾರ್ಡು. ಕೊನೆಗೂ ಇದಕ್ಕೊಂದು ದೊಡ್ಡ ಕೆಲಸ ಬಂತು ಎಂದು ಗುಡ್ಡ ಹತ್ತುವಾಗ ಮನಸ್ಸು ಉಬ್ಬಿತ್ತು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಪ್ರಸಾರದ ಸಂಜೆ ಅಣ್ಣ ಮಗಳ ಜೊತೆ ಅಂಗಡಿಗೆ ಬಂದರು. ಒಗೆದ ಬಿಳಿ ಅಂಗಿ ಹಾಕಿಕೊಂಡು, ಯಾರದೋ ಮನೆಯ ಕಾರ್ಯಕ್ಕೆ ಬಂದವರ ಹಾಗೆ ಬಂದಿದ್ದರು. ಇಬ್ಬರೂ ಪರದೆಯ ಎದುರಿನ ಬೆಂಚಿನಲ್ಲಿ ಕೂತರು. ಸುದ್ದಿ ತಿಳಿದು ರೈಟರೂ ಬಂದರು, ಬಾಗಿಲ ಹತ್ತಿರ ನಿಂತರು. ನಾನು ಯಂತ್ರದ ಪಕ್ಕ. ಕರೆಂಟು ಹೋಗದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಿದ್ದೆವು. ಹೋಗಲಿಲ್ಲ. ಕಾರ್ಯಕ್ರಮ ಶುರುವಾಯಿತು, ನಾನು ಗುಂಡಿ ಒತ್ತಿದೆ, ರೆಕಾರ್ಡ್ ಆಗುತ್ತಿದೆ ಎಂಬ ಕೆಂಪು ಚುಕ್ಕೆ ಮಿಣುಕಿತು.

ಅತ್ತಿಗೆ ಬಂದರು. ಹಸಿರು ಬಳ್ಳಿಯ ನಡುವೆ, ಹೂವು ಹಿಡಿದು. ಕೋಣೆಯಲ್ಲಿ ಅವರದೇ ದನಿ ತುಂಬಿತು. ಅಣ್ಣ ಅಲುಗದೆ ಕೂತಿದ್ದರು. ರೈಟರು ಬಾಗಿಲಿನಿಂದಲೇ ನನ್ನ ಕಡೆ ನೋಡಿ, ಪರವಾಗಿಲ್ಲವೇ ಎಂಬಂತೆ ಹುಬ್ಬು ಹಾರಿಸಿದರು. ಅಷ್ಟೇ ಅವರು ಮಾಡಿದ್ದು. ಆಮೇಲಿನದೆಲ್ಲ ನನ್ನದು. ನಾನು ಮಾತು ಶುರುಮಾಡಿದೆ. ಪಿಸುಮಾತೆಂದೇ ನಾನು ತಿಳಿದಿದ್ದೆ.

ಅತ್ತಿಗೆಯ ಭಾಗ ನಾಲ್ಕೈದು ನಿಮಿಷ ಇತ್ತು. ಮುಗಿದ ಮೇಲೆ ಅಣ್ಣ ಕಣ್ಣೊರೆಸಿಕೊಂಡು, "ಇನ್ನೊಂದ್ಸಲಿ ನೋಡಾನ" ಎಂದರು. ನಾನು ರೈಟರ ಕಡೆ ಗೆದ್ದವನಂತೆ ನೋಡಿ, ರೆಕಾರ್ಡ್ ಆದದ್ದನ್ನು ಹಾಕಿದೆ.

ಚಿತ್ರ ಚೆನ್ನಾಗಿತ್ತು. ಅತ್ತಿಗೆ ಬಾಯಿ ತೆರೆದರು. ನನ್ನ ದನಿ ಬಂತು.

"ನೋಡಿದ್ರಾ ರೈಟ್ರೇ, ಬಿಟ್ಟಿ ಸಾಮಾನು ಅಂತಿದ್ರಲ್ಲ? ಹೆಂಗೈತೆ ಈಗ? ಇದಕ್ಕೆ ಎಷ್ಟು ತಲೆ ಓಡಿಸಿದೀನಿ ಗೊತ್ತಾ? ಇಡೀ ತಾಲೂಕಲ್ಲಿ ಇನ್ನೊಬ್ಬ ಮಾಡಿದ್ರೆ ತೋರಿಸಿ..." ಹೀಗೇ ಸಾಗುತ್ತಿತ್ತು. ಅತ್ತಿಗೆ ಪೊರೆ ಎತ್ತುತ್ತಾರೆ, ಹೆಬ್ಬೆರಳು ಒತ್ತುತ್ತಾರೆ, ತುಟಿ ಆಡುತ್ತದೆ. ಅವರ ಮಾತು ದೂರದಲ್ಲೆಲ್ಲೋ ಗೋಡೆಯಾಚೆ ಕೇಳಿದ ಹಾಗೆ. ಎದುರಿಗೆ, ಕಿವಿಯ ಹತ್ತಿರ, ನಾನು. ನಡುವೆ ಒಂದು ಕಡೆ ಇನ್ನೊಂದು ದನಿ ಬಂತು, ಬಹಳ ಮೆತ್ತಗೆ: "ಒಸಿ ಸುಮ್ಕಿರಿ ಮೇಷ್ಟ್ರೇ." ಅಣ್ಣನದು. ಅವರು ಹಾಗೆ ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ರೆಕಾರ್ಡಿನೊಳಗಿನ ನಾನು ಅದನ್ನು ಕೇಳಿಸಿಕೊಳ್ಳದೆ ಮುಂದುವರಿಯುತ್ತಿದ್ದೆ.

ಆಗಿದ್ದು ಇಷ್ಟು. ಕೇಳಲು ಯಾವ ದನಿ, ರೆಕಾರ್ಡ್ ಆಗಲು ಯಾವ ದನಿ ಎಂದು ಆ ಯಂತ್ರಕ್ಕೆ ಬೇರೆ ಬೇರೆಯಾಗಿ ಹೇಳಬೇಕು. ನಾನು ಮೊದಲನೆಯದನ್ನು ಮಾತ್ರ ಹೇಳಿದ್ದೆ. ಎರಡನೆಯದು ಮಾನಿಟರಿನ ಮೇಲೆ ನಾನೇ ಅಂಟಿಸಿಟ್ಟಿದ್ದ ಮೈಕಿನ ಮೇಲಿತ್ತು. ಅದು ಟಿ.ವಿ.ಯಿಂದ ನೇರವಾಗಿ ಏನನ್ನೂ ಹಿಡಿದಿರಲಿಲ್ಲ, ಕೋಣೆಯಲ್ಲಿ ಕೇಳಿದ್ದನ್ನೆಲ್ಲ ಹಿಡಿದಿತ್ತು. ಪರೀಕ್ಷೆ ಮಾಡಿದ ದಿನ ಕೋಣೆಯಲ್ಲಿ ನಾನೊಬ್ಬನೇ, ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹಾಗಾಗಿ ಹಾಡು ಬಂದಿತ್ತು.

ರೈಟರು ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದರು. ಮಗಳು ನನ್ನನ್ನು ನೋಡಲಿಲ್ಲ. ಅಣ್ಣ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಸ್ಪೀಕರಿನ ಹತ್ತಿರ ಕಿವಿ ತಂದು, ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ, "ಇರ್ಲಿ ಬುಡಿ. ಒಳಗೆ ಅವ್ಳ ಮಾತು ಕೇಳ್ತೈತೆ" ಎಂದರು.

ನನ್ನ ದನಿ ತೆಗೆಯುತ್ತೇನೆ, ಎರಡು ದಿನ ಕೊಡಿ ಎಂದೆ. ನನ್ನಿಂದ ಆಗಲಿಲ್ಲ, ನನ್ನದನ್ನು ತಗ್ಗಿಸಿದರೆ ಅವರದೂ ತಗ್ಗುತ್ತಿತ್ತು. ಟಿ.ವಿ.ಯವರಿಗೆ ಫೋನು ಮಾಡಿದೆ. ಆ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಹಿಡಿದಾಗಿದೆ ಎಂದರು. ಮರುಪ್ರಸಾರ ಬಂದೀತೇನೋ ಎಂದು, ಮೈಕನ್ನು ಕಿತ್ತೆಸೆದು, ಎಲ್ಲ ಗುಂಡಿ ಸರಿಮಾಡಿಕೊಂಡು ವಾರ ವಾರ ಕೂತೆ. ಬೇರೆ ಊರಿನ ಬೇರೆ ಬೆಳೆಗಳು ಬಂದವು. ಕೊನೆಗೆ ಇದ್ದದ್ದನ್ನೇ ಸಿ.ಡಿ.ಗೆ ಹಾಕಿ ಕೊಟ್ಟೆ. ಆ ದಿನವೇ ಅಣ್ಣ ಆ ವೆನಿಲಾ ಕೋಡುಗಳನ್ನು ತಂದಿದ್ದು. "ಅವ್ಳೇ ಕಾಯಿ ಕಟ್ಸಿದ್ದ ಹೂವಿಂದು" ಎಂದು ಮೇಜಿನ ಮೇಲಿಟ್ಟರು.

ವರ್ಷದ ತಿಥಿಗೆ ಕರೆದರು. ಹೋಗದೆ ಇರುವಂತಿರಲಿಲ್ಲ. ಊಟ ಮುಗಿದ ಮೇಲೆ, ಸಿ.ಡಿ. ಹಾಕುವ ಹೊಸ ಪೆಟ್ಟಿಗೆಯೊಂದನ್ನು ಟಿ.ವಿ.ಗೆ ಸಿಕ್ಕಿಸಿ ಅದನ್ನೇ ಹಾಕಿದರು. ನಡುಮನೆ ತುಂಬಾ ನೆಂಟರು. ಅತ್ತಿಗೆ ಕಂಡೊಡನೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅದರ ಮೇಲೆ ನನ್ನ ಜಂಬದ ಮಾತು, ಸ್ಪೀಕರ್ ತುಂಬಾ. ಕುಂದೂರಿನ ಕಡೆಯಿಂದ ಬಂದಿದ್ದ ಅತ್ತಿಗೆಯ ಅಕ್ಕ ತಿರುಗಿ, "ಇದ್ಯಾವನದು ದನಿ? ಅವ್ಳು ಮಾತಾಡಕ್ಕೆ ಬುಡ್ದಂಗೆ ಮಧ್ಯೆ ವಟಗುಟ್ತಾನೆ?" ಎಂದರು. ನಾನು ಕಂಬದ ಹತ್ತಿರ ನಿಂತಿದ್ದೆ. ಕೈಯಲ್ಲಿ ಎಲೆ ಅಡಿಕೆ ಹಿಡಿದುಕೊಂಡು.

"ನಮ್ ಕಂಪ್ಯೂಟ್ರು ಮೇಷ್ಟ್ರುದು. ಅವ್ರಿದ್ದಿದ್ಕೇ ಇಷ್ಟಾದ್ರೂ ಸಿಕ್ತು ಕಣಕ್ಕ" ಎಂದರು ಅಣ್ಣ. ಅವರು ಅದನ್ನು ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ಕುಟುಕಿರಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಅಲ್ಲಿಂದ ಮುಂದೆ ನಾನು ಅವರನ್ನು ತಪ್ಪಿಸಿಕೊಂಡು ಓಡಾಡಿದೆ. ಜೀಪಿನ ಸ್ಟ್ಯಾಂಡಿನಲ್ಲಿ ಅವರನ್ನು ಕಂಡರೆ ಮೆಡಿಕಲ್ ಅಂಗಡಿಯೊಳಗೆ ನುಗ್ಗಿ ಬೇಡದ ಮಾತ್ರೆ ಕೊಳ್ಳುತ್ತಿದ್ದೆ. ಅವರೇ ಬಂದು ಮಾತಾಡಿಸಿದರೆ, ಕೆಲಸ ಇದೆ ಅಣ್ಣ ಎನ್ನುತ್ತಿದ್ದೆ. "ಒಂದಿನ ಮನೆ ಕಡೆ ಬನ್ನಿ ಮೇಷ್ಟ್ರೇ, ಕೂತ್ಕಂಡು ಸಿ.ಡಿ. ನೋಡಾನ" ಎಂದು ಎಷ್ಟು ಸಲ ಕರೆದರೋ... ಹೋಗಲಿಲ್ಲ. ನನ್ನ ಯಂತ್ರದಲ್ಲೂ ಅದರ ಒಂದು ಪ್ರತಿ ಇತ್ತು. ಆಗಾಗ ಅದನ್ನು ಹಾಕಿ ಕೇಳುತ್ತಿದ್ದೆ, ನೋಯುವ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡುವ ಹಾಗೆ. ಕೊನೆಗೆ ಆ ಯಂತ್ರ ಕೆಟ್ಟಾಗ ಪ್ರತಿಯೂ ಹೋಯಿತು. ವೆನಿಲಾದ ಹುಚ್ಚು ಬಿಟ್ಟಿತು, ಬಳ್ಳಿಗಳನ್ನು ಜನ ಕಿತ್ತೆಸೆದರು. ನನ್ನ ಸೆಂಟರು ಅರ್ಜಿ ತುಂಬಿಕೊಡುವ ಅಂಗಡಿಯಾಯಿತು. ಮಗಳು ಮದುವೆಯಾಗಿ ಆಲೂರಿನ ಕಡೆ ಹೋದಳು, ಈಗ ಅಲ್ಲೇ ಶಾಲೆಯಲ್ಲಿ ಟೀಚರು. ಕಳೆದ ಚಳಿಗಾಲದಲ್ಲಿ ಅಣ್ಣ ಹೋದರು. ಹೆಣದ ಮುಂದೆಯೂ ನಾನು ಹಿಂದಿನ ಸಾಲಿನಲ್ಲೇ ನಿಂತಿದ್ದೆ.

ಮೊನ್ನೆ ಸಿ.ಡಿ. ತಂದವಳು ಆ ಮಗಳೇ. ಗೀರು ಬಿದ್ದು ಅರ್ಧಕ್ಕೆ ನಿಲ್ಲುತ್ತಿದೆ, ಫೋನಿಗೆ ಹಾಕಿಕೊಡಿ ಸಾರ್ ಎಂದಳು. ನಾಳೆ ಬಾ ಎಂದು ಕಳಿಸಿದೆ. ಡ್ರೈವ್ ಹುಡುಕಿ ಸಿಕ್ಕಿಸಿದರೆ ಸಿ.ಡಿ. ಹೇಗೋ ಪೂರ್ತಿ ಓದಿಕೊಂಡಿತು. ಈಗ ಬೆರೆತ ದನಿಗಳನ್ನು ಬೇರೆ ಮಾಡುವ ತಂತ್ರಾಂಶಗಳು ಬಂದಿವೆ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿ ನನ್ನ ದನಿಯನ್ನು ಬುಡಸಮೇತ ತೆಗೆದೆ. ಅತ್ತಿಗೆ ಮಾತಾಡಿದರು. ಅವರೊಬ್ಬರೇ. ಅಷ್ಟು ವರ್ಷದ ಭಾರ ಇಳಿದಂತಾಗಿ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಮಾರನೆಯ ದಿನ ಅವಳಿಗೆ ಹಾಕಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಕಣ್ಣು ತೆರೆದು ಕೇಳಿದಳು.

"ಸಾರ್, ಅಪ್ಪ ಎಲ್ಲೋದ್ರು?"

ಸುಮ್ಮನಿರಿ ಎಂದು ಅಣ್ಣ ನನಗೆ ಹೇಳಿದ್ದೇ ಎಂದು ಕೇಳಿದೆ. ಅದೂ ನನ್ನ ದನಿಯ ಜೊತೆಗೇ ಹೋಯಿತಮ್ಮಾ ಎಂದೆ.

"ಅದಲ್ಲ ಸಾರ್. ಆಮೇಲಿಂದು."

ಆಮೇಲಿನದು ಯಾವುದೂ ನನಗೆ ಗೊತ್ತಿರಲಿಲ್ಲ. ಹಳೆಯದನ್ನೇ ಹಾಕಿ ಎಂದಳು. ಹಾಕಿದೆ. ಕೊನೆಯ ಹತ್ತಿರ ಬಂದಾಗ ಬೆರಳೆತ್ತಿ, "ಇಲ್ಲಿ ಕೇಳಿ" ಎಂದಳು. ಕಾರ್ಯಕ್ರಮದವನು, ಇದನ್ನೆಲ್ಲ ನಿಮಗೆ ಕಲಿಸಿದವರು ಯಾರಮ್ಮ ಎಂದು ಕೇಳುತ್ತಾನೆ. "ಇನ್ಯಾರು, ನಮ್ಮನೆಯೋರೇ" ಎನ್ನುತ್ತಾರೆ ಅತ್ತಿಗೆ. ಅಷ್ಟು ಹೊತ್ತಿಗೆ ನಾನು ರೈಟರಿಗೆ ಕಾರ್ಡಿನ ನಂಬರು ಹುಡುಕಿದ ಸಾಹಸ ಹೇಳುತ್ತಿದ್ದೇನೆ. ಅದರ ಅಡಿಯಲ್ಲಿ, ಬೆಂಚಿನ ಕಡೆಯಿಂದ, ಪಕ್ಕದಲ್ಲಿ ಕೂತ ಮಗಳಿಗೆ ಮಾತ್ರ ಹೇಳಿದ ಹಾಗೆ ಅಣ್ಣನ ದನಿ: "ಸುಳ್ಳು ಹೇಳ್ತಾಳೆ ಕಣವ್ವ. ಅವ್ಳೇ ನಂಗೆ ಹೇಳ್ಕೊಟ್ಟಿದ್ದು." ಆಮೇಲೆ ಸಣ್ಣ ನಗು. ಆ ಮನುಷ್ಯ ಆ ದಿನ ನಕ್ಕಿದ್ದರು.

"ಅಮ್ಮ ಹೇಳ್ತಾರೆ, ಅಪ್ಪ ಜವಾಬು ಕೊಡ್ತಾರೆ. ಮನೇಲಿ ಸಿ.ಡಿ. ಹಾಕಿದಾಗ್ಲೆಲ್ಲ ಇಲ್ಲಿಗ್ ಬಂದ್ರೆ ಮತ್ತೆ ಅದನ್ನೇ ಹೇಳಿ ನಗೋರು ಸಾರ್. ಇದನ್ನ ತೋರ್ಸಕ್ಕೇ ನಿಮ್ಮನ್ನ ಕರೀತಿದ್ರು" ಎಂದಳು.

ಹಳೆಯದನ್ನೇ ಫೋನಿಗೆ ಹಾಕಿಕೊಟ್ಟೆ. ಅವಳು ಹೋದ ಮೇಲೆ ಮತ್ತೊಮ್ಮೆ ಹಾಕಿಕೊಂಡೆ. ನಾಚಿಕೆಪಟ್ಟುಕೊಂಡು ಅದನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ, ಪ್ರತಿ ಸಲವೂ ನನಗೆ ಕೇಳಿಸಿದ್ದು ನಾನೊಬ್ಬನೇ. ಒಂದು ದಿನ ಅವರ ನಡುಮನೆಯಲ್ಲಿ ಅವರ ಪಕ್ಕ ಕೂತಿದ್ದರೆ, ಅಣ್ಣನೇ ಬೆರಳೆತ್ತಿ ತೋರಿಸುತ್ತಿದ್ದರು. ಈಗ ಕೂರೋಣವೆಂದರೆ ಅಣ್ಣ ಇಲ್ಲ.